ಓಟು ಎಲ್ಲರಿಗಿಂತ ಜಾಸ್ತಿ, ಸೀಟು ಸೊನ್ನೆ!

ಮೊದಲು ಒಂದು ಲೆಕ್ಕ. ಬಾಯಿಲೆಕ್ಕ ಸಾಕು, ಕ್ಯಾಲ್ಕುಲೇಟರ್ ಬೇಡ.

2018ರ ವಿಧಾನಸಭೆ ಚುನಾವಣೆ. ನಂಜನಗೂಡು ಕ್ಷೇತ್ರದಲ್ಲಿ ಬಿಜೆಪಿಯ ಬಿ. ಹರ್ಷವರ್ಧನ್ 78,030 ಮತ ಪಡೆದು ಗೆದ್ದರು. ಕಾಂಗ್ರೆಸ್ಸಿನ ಕಳಲೆ ಕೇಶವಮೂರ್ತಿ 65,551 ಪಡೆದು ಸೋತರು. ಅಲ್ಲಿಂದ ಕಪಿಲೆಯ ಜೊತೆಗೇ ಕೆಳಕ್ಕೆ ಬಂದರೆ ನರಸೀಪುರ, ಕಾವೇರಿ ಸೇರುವ ಜಾಗ. ಅಲ್ಲಿ ಜೆಡಿಎಸ್‌ನ ಅಶ್ವಿನ್ ಕುಮಾರ್ 83,929 ಮತ ಪಡೆದು ಗೆದ್ದರು. ಆಗ ಮಂತ್ರಿಯಾಗಿದ್ದ ಕಾಂಗ್ರೆಸ್ಸಿನ ಎಚ್.ಸಿ. ಮಹದೇವಪ್ಪ 55,451 ಪಡೆದು ಸೋತರು.

ಈಗ ಅಕ್ಕಪಕ್ಕದ ಈ ಎರಡು ಕ್ಷೇತ್ರಗಳನ್ನು ಕೂಡಿ ನೋಡಿ. ಕಾಂಗ್ರೆಸ್ಸಿಗೆ ಒಟ್ಟು 1,21,002 ಮತ. ಬಿಜೆಪಿಯಾಗಲಿ ಜೆಡಿಎಸ್ ಆಗಲಿ ಎರಡೂ ಕಡೆಯದು ಸೇರಿಸಿದರೂ ಒಂದು ಲಕ್ಷ ಮುಟ್ಟಲಿಲ್ಲ. ಅಂದರೆ ಎರಡೂ ಕ್ಷೇತ್ರ ಸೇರಿ ಅತಿ ಹೆಚ್ಚು ಜನ ಓಟು ಕೊಟ್ಟಿದ್ದು ಕಾಂಗ್ರೆಸ್ಸಿಗೆ. ಸೀಟು? ಬಿಜೆಪಿಗೆ ಒಂದು, ಜೆಡಿಎಸ್‌ಗೆ ಒಂದು, ಕಾಂಗ್ರೆಸ್ಸಿಗೆ ದೊಡ್ಡ ಸೊನ್ನೆ.

ಇಷ್ಟು ಓದಿದ ಕೂಡಲೇ "ಓ, ಇವನು ಕಾಂಗ್ರೆಸ್ ಏಜೆಂಟು" ಅಂತ ಪುಟ ಮುಚ್ಚಬೇಡಿ ಸ್ವಾಮಿ. ಕಾಂಗ್ರೆಸ್ಸಿನವರಿಗೆ ಕೊಡಬೇಕಾದ್ದನ್ನು ಮುಂದೆ ಇಟ್ಟಿದ್ದೀನಿ. ಇವಿಎಂ ತಿರುಚಿದರು, ಹೆಂಡ ಹಂಚಿದರು ಎಂಬ ಕತೆಯನ್ನೂ ನಾನು ಹೇಳುತ್ತಿಲ್ಲ. ಎಲ್ಲರೂ ಪ್ರಾಮಾಣಿಕವಾಗಿ ಓಟು ಹಾಕಿ, ಅಧಿಕಾರಿಗಳು ಒಂದೊಂದನ್ನೂ ಸರಿಯಾಗಿ ಎಣಿಸಿದ ಮೇಲೂ ಹೀಗಾಗುತ್ತದೆ. ಎಣಿಕೆ ಸರಿ ಇದೆ. ಎಣಿಸಿದ ಮೇಲೆ ಓಟನ್ನು ಸೀಟು ಮಾಡುವ ನಿಯಮ ಇದೆಯಲ್ಲ, ನನ್ನ ತಕರಾರು ಅದರ ಮೇಲೆ.

ಎರಡು ತಾಲ್ಲೂಕಿನಲ್ಲಿ ಆಗಿದ್ದು ಅದೇ ದಿನ ಇಡೀ ರಾಜ್ಯದಲ್ಲೂ ಆಯಿತು. 2018ರಲ್ಲಿ ಕಾಂಗ್ರೆಸ್ಸಿಗೆ ಶೇಕಡ 38.1 ಮತ, 80 ಸೀಟು. ಬಿಜೆಪಿಗೆ ಶೇಕಡ 36.3 ಮತ, 104 ಸೀಟು. ಆರೂವರೆ ಲಕ್ಷ ಓಟು ಕಡಿಮೆ ಬಿದ್ದ ಪಕ್ಷಕ್ಕೆ 24 ಸೀಟು ಜಾಸ್ತಿ! ಇದೇನೋ ಒಂದು ಸಲದ ಆಕಸ್ಮಿಕ ಎಂದುಕೊಳ್ಳಬೇಡಿ. 2008ರಲ್ಲಿ ಕಾಂಗ್ರೆಸ್ಸಿಗೆ ಶೇಕಡ 34.8, ಸೀಟು 80. ಬಿಜೆಪಿಗೆ ಶೇಕಡ 33.9, ಸೀಟು 110. 2004ರಲ್ಲಿ ಇನ್ನೂ ವಿಚಿತ್ರ: ಕಾಂಗ್ರೆಸ್ಸಿಗೆ ಶೇಕಡ 35.3, ಸೀಟು 65. ಬಿಜೆಪಿಗೆ ಶೇಕಡ 28.3, ಸೀಟು 79. ಅದಕ್ಕೂ ಹಿಂದೆ 1983. ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರ, ರಾಮಕೃಷ್ಣ ಹೆಗಡೆಯವರದ್ದು. ಜನ ಕಾಂಗ್ರೆಸ್ಸನ್ನು ಕಿತ್ತೆಸೆದ ಚುನಾವಣೆ ಅಂತಲೇ ನಮ್ಮ ಅಪ್ಪನ ಕಾಲದವರು ಇವತ್ತಿಗೂ ಹೇಳುವುದು. ಆ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಬಿದ್ದ ಮತ ಶೇಕಡ 40.4, ಜನತಾ ಪಕ್ಷಕ್ಕೆ ಬಿದ್ದದ್ದು ಶೇಕಡ 33.1. ಸೀಟು ಮಾತ್ರ 82 ಮತ್ತು 95. (ಜನತಾ ಪಕ್ಷ ಎಲ್ಲ ಕಡೆ ಅಭ್ಯರ್ಥಿ ಹಾಕಿರಲಿಲ್ಲ, 2004ರಲ್ಲಿ ಬಿಜೆಪಿಯೂ ಅಷ್ಟೆ, ಹಾಗಾಗಿ ವ್ಯತ್ಯಾಸ ಸ್ವಲ್ಪ ಹಿಗ್ಗಿ ಕಾಣುತ್ತದೆ. ಅದನ್ನು ಬಿಟ್ಟರೂ ಉಳಿಯುವುದೇ ಬೇಕಾದಷ್ಟಿದೆ.)

ವಿಧಾನಸಭೆಗೆ 224 ಸೀಟು ಆದದ್ದು 1978ರ ಚುನಾವಣೆಯಿಂದ. ಅಲ್ಲಿಂದ 2023ರವರೆಗೆ ಹನ್ನೊಂದು ಚುನಾವಣೆ. ಹನ್ನೊಂದರಲ್ಲಿ ನಾಲ್ಕು ಸಲ ಅತಿ ಹೆಚ್ಚು ಓಟು ಪಡೆದ ಪಕ್ಷ ಬೇರೆ, ಅತಿ ಹೆಚ್ಚು ಸೀಟು ಪಡೆದ ಪಕ್ಷ ಬೇರೆ. ಅಮೆರಿಕದಲ್ಲಿ 2000ದಲ್ಲಿ ಅಲ್ ಗೋರ್, 2016ರಲ್ಲಿ ಹಿಲರಿ ಕ್ಲಿಂಟನ್ ಹೆಚ್ಚು ಓಟು ಪಡೆದೂ ಸೋತರು ಅಂತ ನಾವು ಇಲ್ಲಿ ಕೂತು ಅವರ ಪದ್ಧತಿಯನ್ನು ನೋಡಿ ನಗುತ್ತೇವೆ. ನಮ್ಮ ಮನೆಯ ದೋಸೆಯೇ ತೂತು :-)

ಈಗ ಕಾಂಗ್ರೆಸ್ಸಿನವರಿಗೆ ಕೊಡಬೇಕಾದ್ದು. 1989ರಲ್ಲಿ ವೀರೇಂದ್ರ ಪಾಟೀಲರ ನಾಯಕತ್ವದಲ್ಲಿ ಕಾಂಗ್ರೆಸ್ 178 ಸೀಟು ಗೆದ್ದಿತು. ಐದರಲ್ಲಿ ನಾಲ್ಕು ಸೀಟು. ಓಟು ಎಷ್ಟು? ಶೇಕಡ 43.8. ಅಂದರೆ ರಾಜ್ಯದ ಅರ್ಧಕ್ಕಿಂತ ಹೆಚ್ಚು ಜನ ಕಾಂಗ್ರೆಸ್ ಬೇಡ ಎಂದಿದ್ದರು, ವಿಧಾನಸಭೆಯಲ್ಲಿ ವಿರೋಧ ಪಕ್ಷವನ್ನು ಬೆರಳಲ್ಲಿ ಎಣಿಸುವ ಹಾಗಾಯಿತು. 2013ರಲ್ಲಿ ಶೇಕಡ 36.6 ಓಟಿಗೆ 122 ಸೀಟು, ಸ್ಪಷ್ಟ ಬಹುಮತ. ಅದೇ ಪಕ್ಷಕ್ಕೆ 2018ರಲ್ಲಿ ಓಟು ಹೆಚ್ಚಾಗಿ ಶೇಕಡ 38.1 ಆಯಿತು, ಸೀಟು 80ಕ್ಕೆ ಬಿತ್ತು. ಓಟು ಏರಿದರೆ ಸೀಟು ಇಳಿಯುವ ಯಂತ್ರ ಇದು! ಬಿಜೆಪಿಯ ಕತೆಯೂ ಹಾಗೇ: 2018ರಲ್ಲಿ ಶೇಕಡ 36.3, ಸೀಟು 104. 2023ರಲ್ಲಿ ಶೇಕಡ 36.0, ಸೀಟು 66. ನೂರಕ್ಕೆ ಮೂವತ್ತಾರು ಜನ ಆಗಲೂ ಅವರ ಜೊತೆ ಇದ್ದರು, ಈಗಲೂ ಇದ್ದರು. ಮೂವತ್ತೆಂಟು ಸೀಟು ಮಾತ್ರ ಗಾಳಿಯಲ್ಲಿ ಕರಗಿಹೋಯಿತು.

2023ರ ಮೇ 13ರಂದು ಟಿವಿ ಮುಂದೆ ಕೂತಿದ್ದವರು ನೆನಪು ಮಾಡಿಕೊಳ್ಳಿ. "ಬಿಜೆಪಿಯನ್ನು ತಿರಸ್ಕರಿಸಿದ ಜನತೆ", "ಮತದಾರನ ತಕ್ಕ ಪಾಠ"... ಯಾವ ಮತದಾರ, ಯಾವ ಪಾಠ? ರಾಜ್ಯದ ಒಟ್ಟು ಲೆಕ್ಕದಲ್ಲಿ ಬಿಜೆಪಿಯ ಓಟು ಕದಲಿರಲಿಲ್ಲ. ಕದಲಿದ್ದು ಜೆಡಿಎಸ್ ಓಟು, ಶೇಕಡ 18.3ರಿಂದ 13.3ಕ್ಕೆ ಇಳಿಯಿತು, ಕಾಂಗ್ರೆಸ್ಸಿನದು ಹೆಚ್ಚುಕಡಿಮೆ ಅಷ್ಟೇ ಏರಿತು. 2018ರಲ್ಲೂ ಇಂಥದ್ದೇ. ಬಿಜೆಪಿಯವರು 104 ತೋರಿಸಿ ಜನಾದೇಶ ನಮ್ಮದು ಎಂದರು. ಕಾಂಗ್ರೆಸ್-ಜೆಡಿಎಸ್‌ನವರು ಇಬ್ಬರದೂ ಕೂಡಿದರೆ ಶೇಕಡ 56, ಜನಾದೇಶ ನಮ್ಮದು ಎಂದರು. ಇಬ್ಬರ ಕೈಯಲ್ಲೂ ಒಂದೊಂದು ಅಂಕಿ ಇತ್ತು. ಎರಡೂ ನಿಜವೇ. ಸೀಟಿನ ಅಂಕಿಯೂ ಓಟಿನ ಅಂಕಿಯೂ ಬೇರೆಬೇರೆ ಕತೆ ಹೇಳುವಾಗ 'ಜನಾದೇಶ' ಎಂಬ ಪದಕ್ಕೆ ಅರ್ಥವೇ ಇಲ್ಲ. ಯಾರು ಮೈಕು ಹಿಡಿದಿದ್ದಾರೋ ಅವರಿಗೆ ಬೇಕಾದ ಅರ್ಥ.

ಯಾಕೆ ಹೀಗಾಗುತ್ತದೆ? ಎಂಜಿನಿಯರಿಂಗ್ ಮೊದಲ ವರ್ಷದಲ್ಲೇ ನಮಗೆ ಹೇಳಿಕೊಟ್ಟಿದ್ದರು: ಉದ್ದ ಲೆಕ್ಕ ಮಾಡುವಾಗ ಪ್ರತಿ ಹಂತದಲ್ಲಿ ರೌಂಡ್ ಆಫ್ ಮಾಡಿ ಆಮೇಲೆ ಕೂಡಬೇಡಿ, ಎಲ್ಲ ಕೂಡಿ ಕೊನೆಯಲ್ಲಿ ಒಂದು ಸಲ ರೌಂಡ್ ಆಫ್ ಮಾಡಿ, ಇಲ್ಲದಿದ್ದರೆ ತಪ್ಪು ಬೆಳೆಯುತ್ತಾ ಹೋಗುತ್ತದೆ ಅಂತ. ನಮ್ಮ ಚುನಾವಣೆ ಮಾಡುವುದು ಸರಿಯಾಗಿ ಇದರ ಉಲ್ಟಾ. ಒಂದೊಂದು ಕ್ಷೇತ್ರದಲ್ಲೂ ಮೊದಲು ರೌಂಡ್ ಆಫ್: ಗೆದ್ದವನಿಗೆ ಒಂದು, ಉಳಿದವರಿಗೆಲ್ಲ ಸೊನ್ನೆ. 55 ಸಾವಿರವೂ ಸೊನ್ನೆ, 550 ಕೂಡ ಸೊನ್ನೆ. ಆಮೇಲೆ 224 ಕಡೆಯ ಈ ಒಂದು-ಸೊನ್ನೆಗಳನ್ನು ಕೂಡುತ್ತೇವೆ. ಕೂಡುವ ಹೊತ್ತಿಗೆ ಅರ್ಧಕ್ಕರ್ಧ ಓಟು ಲೆಕ್ಕದಿಂದಲೇ ಬಿದ್ದುಹೋಗಿರುತ್ತದೆ. ನನ್ನ ಆಫೀಸಿನಲ್ಲಿ ಯಾರಾದರೂ ಇಂಥ ಕೋಡ್ ಬರೆದರೆ ಅದನ್ನು ಬಗ್ ಎನ್ನುತ್ತೇವೆ, ಫೀಚರ್ ಎನ್ನುವುದಿಲ್ಲ.

ಹಾಗಾದರೆ ಬಿದ್ದುಹೋಗುವ ಓಟು ಎಲ್ಲ ಪಕ್ಷದ್ದೂ ಸಮಸಮ ಬೀಳಬೇಕಲ್ಲ? ಇಲ್ಲ, ಇಲ್ಲೇ ಇರುವುದು ಮಜಾ. ಮತ್ತೆ ನರಸೀಪುರಕ್ಕೆ ಬನ್ನಿ. 2018ರಲ್ಲಿ ಅಲ್ಲಿ ಕಾಂಗ್ರೆಸ್ ಸೋತಿದ್ದು 55 ಸಾವಿರ ಓಟು ಕಳೆದುಕೊಂಡು. ಬಿಜೆಪಿಯೂ ಸೋತಿತು, ಅದರ ಕೈಬಿಟ್ಟಿದ್ದು ಹನ್ನೆರಡು ಸಾವಿರದ ಆಸುಪಾಸು ಓಟು, ಮತ್ತೆ ಠೇವಣಿ. ಇಬ್ಬರಿಗೂ ಸೊನ್ನೆ ಸೀಟೇ. ಆದರೆ ಒಬ್ಬರದು ದುಬಾರಿ ಸೋಲು, ಇನ್ನೊಬ್ಬರದು ಅಗ್ಗದ ಸೋಲು. ಪಕ್ಕದ ಮಂಡ್ಯ ಜಿಲ್ಲೆಯಲ್ಲಿ ಆ ಸಲ ಏಳಕ್ಕೆ ಏಳೂ ಜೆಡಿಎಸ್. ಅಲ್ಲೂ ಬಹುತೇಕ ಕಡೆ ಎರಡನೇ ಸ್ಥಾನದಲ್ಲಿ ನಿಂತು ದುಬಾರಿಯಾಗಿ ಸೋತಿದ್ದು ಕಾಂಗ್ರೆಸ್. ದಕ್ಷಿಣ ಕನ್ನಡ-ಉಡುಪಿಗೆ ಹೋದರೆ ಹದಿಮೂರರಲ್ಲಿ ಹನ್ನೆರಡು ಬಿಜೆಪಿ. ಅಲ್ಲೂ ಎರಡನೆಯದು ಕಾಂಗ್ರೆಸ್ಸೇ. ಓಟು ರಾಜ್ಯದ ತುಂಬ ಹರಡಿಕೊಂಡಿದ್ದ ಪಕ್ಷ ಎಲ್ಲ ಕಡೆ ಸ್ವಲ್ಪದರಲ್ಲಿ ಸೋತಿತು, ಒಂದೊಂದು ಸೀಮೆಯಲ್ಲಿ ಗುಂಪಾಗಿ ಓಟು ಇದ್ದ ಪಕ್ಷ ಅಲ್ಲಿ ಗೆದ್ದು ಉಳಿದ ಕಡೆ ಅಗ್ಗದಲ್ಲಿ ಸೋತಿತು. ಟೆನಿಸ್ ನೋಡುವವರಿಗೆ ಇದು ಬೇಗ ತಿಳಿಯುತ್ತದೆ. ಎರಡು ಸೆಟ್ 7-6ರಲ್ಲಿ ಗೆದ್ದು ಒಂದು ಸೆಟ್ 0-6ರಲ್ಲಿ ಸೋತವನು ಆಡಿದ ಗೇಮ್‌ಗಳನ್ನು ಎಣಿಸಿದರೆ ಹಿಂದೆ, ಮ್ಯಾಚ್ ಮಾತ್ರ ಅವನದು. ಟೆನಿಸ್‌ನಲ್ಲಿ ಅದು ಆಟದ ಸೊಗಸು ಬಿಡಿ. ಇಲ್ಲಿ ಒಂದೊಂದು ಪಾಯಿಂಟೂ ಒಬ್ಬ ಮನುಷ್ಯ.

ಗೆರೆ ಎಲ್ಲಿ ಎಳೆಯುತ್ತೀರಿ ಎನ್ನುವುದೂ ಸೇರಿಕೊಳ್ಳುತ್ತದೆ. ನಂಜನಗೂಡು ತಾಲ್ಲೂಕು, ನರಸೀಪುರ ತಾಲ್ಲೂಕಿನ ಎಷ್ಟೋ ಹಳ್ಳಿಗಳ ಜನ ಓಟು ಹಾಕುವುದು ವರುಣಾ ಕ್ಷೇತ್ರದಲ್ಲಿ. 2008ರ ಮರುವಿಂಗಡಣೆಯಲ್ಲಿ ಬನ್ನೂರು ಎಂಬ ಕ್ಷೇತ್ರ ಮಾಯವಾಯಿತು, ವರುಣಾ ಹುಟ್ಟಿತು. ಊರು ಅಲ್ಲೇ, ಗದ್ದೆ ಅಲ್ಲೇ, ಜನ ಅವರೇ, ಗೆರೆ ಬೇರೆ. 2018ರ ವರುಣಾದಲ್ಲಿ ಕಾಂಗ್ರೆಸ್ಸಿನ ಯತೀಂದ್ರ 96,435 ಮತ ಪಡೆದು ಭರ್ಜರಿಯಾಗಿ ಗೆದ್ದರು. ಅದನ್ನೂ ನಮ್ಮ ಲೆಕ್ಕಕ್ಕೆ ಸೇರಿಸಿದರೆ ಮೂರು ಕ್ಷೇತ್ರದಲ್ಲಿ ಕಾಂಗ್ರೆಸ್ಸಿಗೆ 2 ಲಕ್ಷ 17 ಸಾವಿರ ಓಟು, ಉಳಿದಿಬ್ಬರಲ್ಲಿ ಯಾರೂ ಒಂದೂವರೆ ಲಕ್ಷ ಮುಟ್ಟಲಿಲ್ಲ. ಸೀಟು? ಮೂವರಿಗೂ ಒಂದೊಂದು. ಪ್ರಸಾದ ಹಂಚಿದ ಹಾಗೆ!

ಊರಿಗೆ ಹೋದಾಗ ದೊಡ್ಡಪ್ಪನ ಹತ್ತಿರ ಇದನ್ನೆಲ್ಲ ಹೇಳಿದೆ. ಅವರು ಎಲೆಯಡಿಕೆ ಹಾಕಿಕೊಳ್ಳುತ್ತಾ, "ಅಲ್ಲ ಕಣ್ಲಾ, ಜಾಸ್ತಿ ಓಟು ತಗೊಂಡೋನು ಗೆಲ್ತಾನೆ, ಕಮ್ಮಿ ತಗೊಂಡೋನು ಮನೆಗೋಯ್ತಾನೆ. ಇದ್ರಲ್ಲಿ ಮೋಸ ಏನ್ಲಾ ಬಂತು?" ಅಂದರು. ಒಂದು ಊರಿನ ಒಬ್ಬ ಚೇರ್ಮನ್ನನನ್ನು ಆರಿಸುವಾಗ ದೊಡ್ಡಪ್ಪನ ಮಾತು ಸರಿ, ಒಂದು ಕುರ್ಚಿಯನ್ನು ಭಾಗ ಮಾಡಕ್ಕಾಗಲ್ಲ. ಆದರೆ ನಾವು ಆರಿಸುತ್ತಿರುವುದು ಒಬ್ಬನನ್ನಲ್ಲ, 224 ಜನರ ಸಭೆಯನ್ನು. ಆ ಸಭೆ ರಾಜ್ಯದ ಜನರ ಅಭಿಪ್ರಾಯದ ಸಣ್ಣ ಪ್ರತಿ ಆಗಿರಬೇಕು. "ನಮ್ಮ ಕಡೆ ಒಬ್ರು ಒಂದೇ ಓಟಲ್ಲಿ ಸೋತ್ರಲ್ಲ, ಅದುಕ್ಕೇನಂತೀಯ?" ಅಂತ ಮತ್ತೆ ಕೇಳಿದರು.

ಆ ಕತೆ ನಮ್ಮ ಸೀಮೆಯಲ್ಲಿ ಗೊತ್ತಿಲ್ಲದವರಿಲ್ಲ. 2004, ಸಂತೇಮರಹಳ್ಳಿ ಕ್ಷೇತ್ರ, ನಂಜನಗೂಡಿನಿಂದ ಆಚೆಗೆ ಚಾಮರಾಜನಗರ ಜಿಲ್ಲೆ. ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ 40,752, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ 40,751. ಒಂದೇ ಓಟು! ಕೃಷ್ಣಮೂರ್ತಿಯವರ ಕಾರಿನ ಡ್ರೈವರ್ ಅವತ್ತು ಓಟು ಹಾಕಿರಲಿಲ್ಲ ಅಂತಲೂ ಪತ್ರಿಕೆಗಳಲ್ಲಿ ಬಂದಿತ್ತು. ಪ್ರತಿ ಚುನಾವಣೆಗೂ ಮುಂಚೆ "ಒಂದು ಮತದ ಬೆಲೆ" ಅಂತ ಈ ಕತೆಯನ್ನು ಹೇಳುತ್ತಾರೆ. ನನಗೆ ಕಾಣುವುದು ಇನ್ನೊಂದು ಮಗ್ಗುಲು. ಆ 40,751 ಓಟಿಗೆ ಸಿಕ್ಕಿದ್ದೇನು? ಸೊನ್ನೆ. ಮುಂದೆ ಇದೇ ಕೃಷ್ಣಮೂರ್ತಿ ಕಾಂಗ್ರೆಸ್ ಸೇರಿ 2023ರಲ್ಲಿ ಕೊಳ್ಳೇಗಾಲದಲ್ಲಿ ನಿಂತು 59 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. ಆ ಹೆಚ್ಚಿನ 59 ಸಾವಿರಕ್ಕೆ ಸಿಕ್ಕಿದ್ದೇನು? ಅದೂ ಸೊನ್ನೆ, ಒಂದು ಓಟಿನಲ್ಲಿ ಗೆದ್ದಿದ್ದರೂ ಅದೇ ಒಂದು ಸೀಟು ತಾನೆ. ಹಾಗಾಗಿ "ಪ್ರತಿ ಮತವೂ ಅಮೂಲ್ಯ" ಎನ್ನುವ ಗೋಡೆಬರಹ ಈ ಪದ್ಧತಿಯಲ್ಲಿ ಪೂರ್ತಿ ನಿಜವಲ್ಲ. ಪೈಪೋಟಿ ಇರುವ ಕ್ಷೇತ್ರದಲ್ಲಿ ಅತ್ತಿತ್ತ ಓಲಾಡುವ ಕೆಲವರ ಮತ ಅಮೂಲ್ಯ. ಉಳಿದದ್ದು ಸಂಖ್ಯೆ ತುಂಬಲಿಕ್ಕೆ. ಪಕ್ಷಗಳಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ದುಡ್ಡು, ಭರವಸೆ, ಹೆಲಿಕಾಪ್ಟರ್ ಎಲ್ಲವೂ ಅಂಥ ಕಡೆಗೇ ಇಳಿಯುತ್ತದೆ. 2017ರ ನಂಜನಗೂಡು ಉಪಚುನಾವಣೆಯಲ್ಲಿ ಇಡೀ ಸರ್ಕಾರವೇ ಬಂದು ನಮ್ಮ ಊರಲ್ಲಿ ಮೊಕ್ಕಾಂ ಹೂಡಿತ್ತಲ್ಲ, ಆಮೇಲೆ ಅಷ್ಟು ಮಂತ್ರಿಗಳನ್ನು ಒಟ್ಟಿಗೆ ಅಲ್ಲಿ ಯಾರಾದರೂ ನೋಡಿದ್ದೀರಾ?

ನನಗೆ ಬಹಳ ಬೇಜಾರಾದ ವಿಷಯ ಇನ್ನೊಂದಿದೆ. ನಂಜನಗೂಡು, ನರಸೀಪುರ ಎರಡೂ ಚಾಮರಾಜನಗರ ಲೋಕಸಭಾ ಕ್ಷೇತ್ರಕ್ಕೆ ಸೇರಿದವು. 2019ರಲ್ಲಿ ಅಲ್ಲಿ ಬಿಜೆಪಿಯ ವಿ. ಶ್ರೀನಿವಾಸ ಪ್ರಸಾದ್ ಆಗ ಸಂಸದರಾಗಿದ್ದ ಧ್ರುವನಾರಾಯಣ ಅವರನ್ನು 1,817 ಮತಗಳಿಂದ ಸೋಲಿಸಿದರು. ಇಬ್ಬರಿಗೂ ಐದೂವರೆ ಲಕ್ಷಕ್ಕಿಂತ ಹೆಚ್ಚು ಮತ. ಮೂರನೆಯವರು ಬಿಎಸ್‌ಪಿ ಅಭ್ಯರ್ಥಿ, ಎಂಬತ್ತು ಸಾವಿರಕ್ಕೂ ಹೆಚ್ಚು ಮತ. ಫಲಿತಾಂಶ ಬಂದ ಮೇಲೆ ಬೈಸಿಕೊಂಡವರು ಯಾರು ಗೊತ್ತಾ? ಈ ಎಂಬತ್ತು ಸಾವಿರ ಜನ. "ಓಟು ಒಡೆದರು", "ಓಟು ವೇಸ್ಟ್ ಮಾಡಿದರು", "ಇವರಿಂದಲೇ ಅವರು ಗೆದ್ದರು". ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರದಲ್ಲಿ, ಅಂಬೇಡ್ಕರ್ ಹೆಸರಿನಲ್ಲಿ ರಾಜಕೀಯ ಮಾಡುವ ಪಕ್ಷಕ್ಕೆ ತಮಗೆ ಸರಿ ಕಂಡ ಹಾಗೆ ಓಟು ಹಾಕಿದ್ದು ಅಪರಾಧವಾಗಿ ಹೋಯಿತು! ಅವರು ಮಾಡಿದ್ದು ಪ್ರಜಾಪ್ರಭುತ್ವ ಹೇಳಿಕೊಟ್ಟದ್ದನ್ನೇ. ಮನಸ್ಸಿಗೆ ಒಪ್ಪಿದವರಿಗೆ ಓಟು ಹಾಕಿದರೆ ಒಪ್ಪದವರು ಗೆಲ್ಲುತ್ತಾರೆ ಎಂದು ಹೆದರಿಸುವ ನಿಯಮ ಇದೆಯಲ್ಲ, ಬೈಯಬೇಕಾದ್ದು ಅದನ್ನು. 2014ರ ಲೋಕಸಭೆಯಲ್ಲಿ ಇಡೀ ದೇಶದಲ್ಲಿ ಬಿಎಸ್‌ಪಿಗೆ ಶೇಕಡ 4ಕ್ಕಿಂತ ಹೆಚ್ಚು ಮತ ಬಿತ್ತು, ಓಟಿನ ಲೆಕ್ಕದಲ್ಲಿ ಅದು ದೇಶಕ್ಕೇ ಮೂರನೇ ದೊಡ್ಡ ಪಕ್ಷ. ಸಂಸದರು ಎಷ್ಟು ಜನ? ಒಬ್ಬರೂ ಇಲ್ಲ. ಅದೇ 2019ರಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್-ಜೆಡಿಎಸ್ ಮೈತ್ರಿಗೆ ನೂರಕ್ಕೆ ನಲವತ್ತೊಂದು ಓಟು ಬಿದ್ದು, ಇಪ್ಪತ್ತೆಂಟರಲ್ಲಿ ಸಿಕ್ಕಿದ್ದು ಎರಡು ಸೀಟು.

ಇದಕ್ಕೆ ಸಿದ್ಧ ಉತ್ತರ ಒಂದಿದೆ: ಸಂವಿಧಾನ ಮಾಡಿದವರಿಗೆ ಗೊತ್ತಿರಲಿಲ್ಲವಾ? ಚೆನ್ನಾಗಿ ಗೊತ್ತಿತ್ತು. 1949ರ ಜನವರಿಯಲ್ಲಿ ಸಂವಿಧಾನ ಸಭೆಯಲ್ಲಿ ಕಾಜಿ ಸೈಯದ್ ಕರೀಮುದ್ದೀನ್ ಎಂಬ ಸದಸ್ಯರು ಓಟಿನ ಅನುಪಾತಕ್ಕೆ ತಕ್ಕ ಪ್ರಾತಿನಿಧ್ಯ ಬೇಕು ಎಂದು ತಿದ್ದುಪಡಿ ತಂದರು. ಅಂಬೇಡ್ಕರ್ ಒಪ್ಪಲಿಲ್ಲ. ಅವರು ಕೊಟ್ಟ ಕಾರಣ ಮುಖ್ಯವಾಗಿ ಎರಡು. ಮತದಾರ ಅಂಕಿ ಬರೆಯುವಷ್ಟಾದರೂ ಓದುಬರಹ ಬಲ್ಲವನಾಗಿರಬೇಕು, ನಮ್ಮ ದೇಶದಲ್ಲಿ ಅದಿಲ್ಲ. ಮತ್ತೊಂದು, ಸಭೆ ಸಣ್ಣ ಸಣ್ಣ ಗುಂಪಾಗಿ ಒಡೆದು ಸರ್ಕಾರ ಸ್ಥಿರವಾಗಿ ನಿಲ್ಲುವುದಿಲ್ಲ. 1951ರಲ್ಲಿ ದೇಶದ ಸಾಕ್ಷರತೆ ಶೇಕಡ 18ರ ಆಸುಪಾಸು. ಆ ದಿನಕ್ಕೆ ಅವರ ಮಾತು ನೂರಕ್ಕೆ ನೂರು ಸರಿ. ಆದರೆ 2011ರ ಜನಗಣತಿಗೇ ಕರ್ನಾಟಕದ ಸಾಕ್ಷರತೆ ಶೇಕಡ 75 ದಾಟಿತ್ತು. ಫೋನಿನಲ್ಲಿ ಸ್ಕ್ಯಾನ್ ಮಾಡಿ ದುಡ್ಡು ಕಳಿಸುವ ಜನಕ್ಕೆ 1, 2, 3 ಒತ್ತಲು ಬರುವುದಿಲ್ಲ ಎಂದರೆ ಯಾರು ನಂಬುತ್ತಾರೆ?

ಇನ್ನು ಸ್ಥಿರತೆ. ಇದನ್ನು ಕರ್ನಾಟಕದಲ್ಲಿ ಕೂತು ಹೇಳುವವರ ಧೈರ್ಯ ಮೆಚ್ಚಬೇಕು. 2004ರಿಂದ 2007ರೊಳಗೆ ಧರ್ಮಸಿಂಗ್, ಕುಮಾರಸ್ವಾಮಿ, ಏಳು ದಿನದ ಯಡಿಯೂರಪ್ಪ, ಆಮೇಲೆ ರಾಷ್ಟ್ರಪತಿ ಆಡಳಿತ. 2008ರಿಂದ 2013ರವರೆಗೆ ಯಡಿಯೂರಪ್ಪ, ಸದಾನಂದ ಗೌಡ, ಶೆಟ್ಟರ್. 2018ರಿಂದ 2023ರವರೆಗೆ ಮೂರು ದಿನದ ಯಡಿಯೂರಪ್ಪ, ಕುಮಾರಸ್ವಾಮಿ, ಮತ್ತೆ ಯಡಿಯೂರಪ್ಪ, ಬೊಮ್ಮಾಯಿ. ನಡುವೆ ರೆಸಾರ್ಟು, ಬಸ್ಸು, ವಿಮಾನ, ಸಾಲುಸಾಲು ರಾಜೀನಾಮೆ. ಸ್ಥಿರ ಸರ್ಕಾರ ಬೇಕು ಅಂತ ಓಟಿನ ನ್ಯಾಯ ಬಿಟ್ಟುಕೊಟ್ಟೆವು, ಸ್ಥಿರ ಸರ್ಕಾರವೂ ಬರಲಿಲ್ಲ. ಅಂಗಡಿಯವನು ದುಡ್ಡೂ ಇಸ್ಕೊಂಡ, ಸಾಮಾನೂ ಕೊಡಲಿಲ್ಲ.

2018ರ ಓಟಿಗೆ ತಕ್ಕ ಹಾಗೆ 224 ಸೀಟು ಹಂಚಿದ್ದರೆ ಕಾಂಗ್ರೆಸ್ಸಿಗೆ ಸುಮಾರು 85, ಬಿಜೆಪಿಗೆ 81, ಜೆಡಿಎಸ್‌ಗೆ 41 ಬರುತ್ತಿತ್ತು. ಯಾವ ಇಬ್ಬರು ದೊಡ್ಡವರು ಸೇರಿದರೂ 113 ದಾಟಿ ಆರಾಮಾಗಿ ಸರ್ಕಾರ. ಜೆಡಿಎಸ್ ಜೊತೆ ಸೇರಿದರೆ 120 ಮೀರುತ್ತದೆ, ಎಂಟು ಹತ್ತು ಶಾಸಕರನ್ನು ಎತ್ತಾಕಿಕೊಂಡು ಹೋಗಿ ಸರ್ಕಾರ ಬೀಳಿಸುವ ವ್ಯಾಪಾರಕ್ಕೆ ಲಾಭ ಕಡಿಮೆ. 2023ರ ಓಟಿಗೆ ಲೆಕ್ಕ ಹಾಕಿದರೆ ಕಾಂಗ್ರೆಸ್ 96, ಬಿಜೆಪಿ 81, ಜೆಡಿಎಸ್ 30. ಕಾಂಗ್ರೆಸ್ಸಿಗೆ ಬಹುಮತವೇ ಇರುತ್ತಿರಲಿಲ್ಲ! ಹಾಗಾಗಿಯೇ ಈ ನಿಯಮದ ಬಗ್ಗೆ ದೊಡ್ಡ ಪಕ್ಷಗಳು ಅಷ್ಟಾಗಿ ಬಾಯಿ ಬಿಡುವುದಿಲ್ಲ. ಸೋತಾಗ ಇವಿಎಂ ಬೈಯುತ್ತಾರೆ, ಮತ ಒಡೆದವರನ್ನು ಬೈಯುತ್ತಾರೆ, ಮುಂದಿನ ಸಲ ಇದೇ ಲಾಟರಿ ನಮಗೆ ಹೊಡೆಯುತ್ತೆ ಅಂತ ಕಾಯುತ್ತಾರೆ. ಕಾನೂನು ಆಯೋಗ 1999ರ ತನ್ನ 170ನೇ ವರದಿಯಲ್ಲಿ ಒಂದಷ್ಟು ಹೆಚ್ಚುವರಿ ಸೀಟುಗಳನ್ನು ಓಟಿನ ಅನುಪಾತದಲ್ಲಿ ತುಂಬಿ ಎಂದಿತು, 2015ರ 255ನೇ ವರದಿಯಲ್ಲಿ ಮತ್ತೆ ಇದನ್ನು ಪರಿಶೀಲಿಸಿ ಎಂದಿತು. ಎರಡೂ ಧೂಳು ತಿನ್ನುತ್ತಿವೆ.

ಬೇರೆ ಕಡೆ ಬದಲಾಯಿಸಿಲ್ಲವಾ? ನ್ಯೂಜಿಲೆಂಡ್ ಬದಲಾಯಿಸಿತು. ಅಲ್ಲಿ 1978 ಮತ್ತು 1981ರಲ್ಲಿ ಹೆಚ್ಚು ಓಟು ಪಡೆದ ಲೇಬರ್ ಪಕ್ಷ ಎರಡೂ ಸಲ ವಿರೋಧ ಪಕ್ಷದಲ್ಲಿ ಕೂತಿತು. ಜನ ಸಿಟ್ಟಾದರು, ಆಯೋಗ ಕೂತಿತು, 1993ರಲ್ಲಿ ಜನಮತ ಕೇಳಿದರು, 1996ರಿಂದ ಹೊಸ ಪದ್ಧತಿ. ಎರಡು ಸಲ ಆದದ್ದಕ್ಕೆ ಅವರು ನಿಯಮ ಬದಲಾಯಿಸಿದರು, ನಾಲ್ಕು ಸಲ ಆಗಿದ್ದು ನಮಗೆ ಗೊತ್ತೇ ಇಲ್ಲ. ನಮಗೆ ಈ ಪದ್ಧತಿ ಕಲಿಸಿದ ಬ್ರಿಟನ್ ಇನ್ನೂ ಬದಲಾಗಿಲ್ಲ, 2024ರಲ್ಲಿ ಅಲ್ಲಿ ಶೇಕಡ 34 ಮುಟ್ಟದ ಓಟಿಗೆ 650ರಲ್ಲಿ 411 ಸೀಟು ಬಂತು. ಗುರುವಿಗೆ ತಕ್ಕ ಶಿಷ್ಯ.

"ಅನುಪಾತ ಎಂದರೆ ಪಕ್ಷದ ಪಟ್ಟಿ, ಪಟ್ಟಿ ಎಂದರೆ ಹೈಕಮಾಂಡ್. ನಮ್ಮ ಊರಿಗೆ ನಮ್ಮ ಶಾಸಕ ಅಂತ ಯಾರೂ ಇರಲ್ಲ" ಎಂಬ ಆಕ್ಷೇಪ ಮಾತ್ರ ನಿಜಕ್ಕೂ ತೂಕದ್ದು. (ಈಗೇನು ಹೈಕಮಾಂಡ್ ಇಲ್ಲವಾ? 2013ರಲ್ಲಿ ನಂಜನಗೂಡಲ್ಲಿ ಶ್ರೀನಿವಾಸ ಪ್ರಸಾದ್ ಕಾಂಗ್ರೆಸ್, ಕಳಲೆ ಕೇಶವಮೂರ್ತಿ ಜೆಡಿಎಸ್. 2017ರಲ್ಲಿ ಅದೇ ಇಬ್ಬರು ಎದುರುಬದುರು, ಪ್ರಸಾದ್ ಬಿಜೆಪಿ, ಕಳಲೆ ಕಾಂಗ್ರೆಸ್, ಜೆಡಿಎಸ್‌ಗೆ ಅಭ್ಯರ್ಥಿಯೇ ಇಲ್ಲ. 2023ರಲ್ಲೂ ಜೆಡಿಎಸ್ ಅಲ್ಲಿ ಕಣಕ್ಕಿಳಿಯಲಿಲ್ಲ, ಆಗಷ್ಟೇ ತೀರಿಕೊಂಡಿದ್ದ ಧ್ರುವನಾರಾಯಣ ಅವರ ಮಗ ದರ್ಶನ್ ನಿಂತಿದ್ದರು. ಕಾರಣ ಮಾನವೀಯವೇ ಇರಬಹುದು, ಜೆಡಿಎಸ್ ಬೆಂಬಲಿಗನ ಕೈಗೆ ಗುಂಡಿ ಮಾತ್ರ ಇರಲಿಲ್ಲ.) ಅದಕ್ಕೇ ನನಗೆ ಪಟ್ಟಿ ಬೇಡ. ಪಟ್ಟಿಯಿಲ್ಲದೆ ಅನುಪಾತ ಬರುವ ಪದ್ಧತಿ ನಮ್ಮ ದೇಶದಲ್ಲೇ ಬಳಕೆಯಲ್ಲಿದೆ. ರಾಜ್ಯಸಭೆಗೆ ನಮ್ಮ ಶಾಸಕರು ಓಟು ಹಾಕುವುದು ಹೇಗೆ? ಹೆಸರುಗಳ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆದು. ಒಬ್ಬರು ಗೆದ್ದು ಮಿಕ್ಕಿದ ಓಟು, ಅಥವಾ ಕೊನೆಯಲ್ಲಿ ಉಳಿದವರ ಓಟು ವೇಸ್ಟ್ ಆಗದೆ ಎರಡನೇ ಹೆಸರಿಗೆ ಹೋಗುತ್ತದೆ. ತಮ್ಮ ಓಟು ವೇಸ್ಟ್ ಆಗಬಾರದು ಎಂದು ಶಾಸಕರಿಗೆ ಇಷ್ಟು ಕಾಳಜಿ! ನಮಗೆ ಮಾತ್ರ ಒಂದೇ ಗುಂಡಿ. ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲೂ ಇದೇ 1, 2, 3. ನಮ್ಮ ದಕ್ಷಿಣ ಪದವೀಧರ ಕ್ಷೇತ್ರದಲ್ಲಿ 2022ರಲ್ಲಿ ಮೊದಲ ಪ್ರಾಶಸ್ತ್ಯದಲ್ಲಿ ತೀರ್ಮಾನವಾಗದೆ ಎರಡನೆಯದನ್ನೂ ಎಣಿಸಿ ಮಧು ಮಾದೇಗೌಡರು ಗೆದ್ದರು ಎಂದು ಘೋಷಿಸಿದರು. ಆಕಾಶ ಬೀಳಲಿಲ್ಲ. ಡಿಗ್ರಿ ಇದೆ ಅಂತ ನನಗೆ ಈ ಹಕ್ಕು, ಗದ್ದೆಯಲ್ಲಿ ದುಡಿಯುವ ದೊಡ್ಡಪ್ಪನಿಗೆ ಇಲ್ಲ. ಯಾವ ನ್ಯಾಯ ಇದು?

ಒಂದು ಕ್ಷೇತ್ರಕ್ಕೆ ಒಬ್ಬನೇ ಶಾಸಕ ಎನ್ನುವುದೂ ಕಲ್ಲಿನಲ್ಲಿ ಕೆತ್ತಿದ್ದಲ್ಲ. 1952, 1957ರ ಚುನಾವಣೆಗಳಲ್ಲಿ ದೇಶದ ಎಷ್ಟೋ ಕಡೆ ಇಬ್ಬರು ಸದಸ್ಯರ ಕ್ಷೇತ್ರಗಳಿದ್ದವು, 1961ರಲ್ಲಿ ಕಾನೂನು ಮಾಡಿ ತೆಗೆದರು. ಕ್ಷೇತ್ರ ಮರುವಿಂಗಡಣೆಯಿಂದ ದಕ್ಷಿಣಕ್ಕೆ ಸೀಟು ಕಡಿಮೆಯಾಗುತ್ತದೆ ಎಂದು ಕೆಲವು ವರ್ಷಗಳಿಂದ ಗಲಾಟೆ ನಡೆದಿದೆ, ಆ ಗಲಾಟೆ ನ್ಯಾಯವಾದದ್ದೇ. ಆದರೆ ಎಷ್ಟು ಸೀಟು ಎಂದು ಕೇಳುವವರು ಸೀಟು ಹೇಗೆ ಎಂದೂ ಕೇಳಲಿ. ನಂಜನಗೂಡು, ನರಸೀಪುರ, ವರುಣಾ, ಎಚ್.ಡಿ. ಕೋಟೆ ನಾಲ್ಕನ್ನೂ ಸೇರಿಸಿ ನಾಲ್ಕು ಶಾಸಕರ ಒಂದು ಕ್ಷೇತ್ರ ಮಾಡಿ. ಈಗಿರುವ ಮೀಸಲಾತಿ ಹಾಗೇ ಇರಲಿ: ಎರಡು ಪರಿಶಿಷ್ಟ ಜಾತಿಗೆ, ಒಂದು ಪರಿಶಿಷ್ಟ ಪಂಗಡಕ್ಕೆ, ಒಂದು ಸಾಮಾನ್ಯ. ಜನ 1, 2, 3 ಒತ್ತಲಿ. ಐದರಲ್ಲಿ ಒಂದು ಪಾಲಿಗಿಂತ ಒಂದು ಓಟು ಹೆಚ್ಚು ಸೇರಿದರೆ ಒಂದು ಸೀಟು. 2018ರಲ್ಲಿ ನಮ್ಮ ಕಡೆ ಮೂರೂ ಪಕ್ಷಕ್ಕೆ ಆ ಮಟ್ಟದ ಓಟು ಇತ್ತು, ಬಿಎಸ್‌ಪಿಗೆ ಹಾಕುವವನೂ ಹೆದರದೆ ಮೊದಲ ಓಟು ಹಾಕಿ ಎರಡನೆಯದನ್ನು ಬೇರೆಯವರಿಗೆ ಕೊಡಬಹುದು. ಒಬ್ಬ ಶಾಸಕನ ಮನೆ ಬಾಗಿಲು ಮುಚ್ಚಿದ್ದರೆ ಇನ್ನೊಬ್ಬರ ಮನೆಗೆ ಹೋಗಬಹುದು. ಜನರ ಓಟಿನ ರೀತಿಯೂ ಆಗ ಬದಲಾಗುತ್ತದೆ, ಹಾಗಾಗಿ ಮೇಲೆ ನಾನು ಕೊಟ್ಟ 85, 81ರ ಅಂಕಿಗಳೇ ಬರುತ್ತವೆ ಎಂದು ಹಟ ಹಿಡಿಯುವುದಿಲ್ಲ.

ಎಣಿಕೆಗೆ ಎರಡು ದಿನ ಹಿಡಿಯುತ್ತದೆ ಎನ್ನುತ್ತಾರೆ. ಹಿಡಿಯಲಿ. ಟಿವಿಯವರು ಬೆಳಗ್ಗೆ ಒಂಬತ್ತು ಗಂಟೆಗೇ "ಸ್ಪಷ್ಟ ಜನಾದೇಶ" ಎಂದು ಕೂಗುವ ಬದಲು ಎರಡು ದಿನ ಸುಮ್ಮನೆ ಕಾಯಲಿ.